78, 205, 310: ಎತ್ತರದ ಹೆದರಿಕೆ ಇಟ್ಟುಕೊಂಡೇ ಹತ್ತಿದೆ

ಮುರುಡೇಶ್ವರದ ರಾಜಗೋಪುರ 237 ಅಡಿ. ಲಿಫ್ಟ್‌ನಲ್ಲಿ ಮೇಲೆ ಹೋಗಿ ಕಿಟಕಿಯಿಂದ ಸಮುದ್ರ ನೋಡುವಾಗಲೇ ನನ್ನ ಮೊಣಕಾಲು ನಡುಗಿತ್ತು. ಅಂಥವಳು ಈ ಬೇಸಿಗೆಯಲ್ಲಿ ಅಮೆರಿಕದ ಒಹಾಯೋ ರಾಜ್ಯದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ 310 ಅಡಿಯ ರೋಲರ್ ಕೋಸ್ಟರ್ (ಹಳಿಯ ಮೇಲೆ ಏರಿಳಿದು ಓಡುವ ಆಟದ ಟ್ರೇನು) ಮಿಲೇನಿಯಂ ಫೋರ್ಸ್ ಹತ್ತಿ ಬಂದೆ. ಒಂದಲ್ಲ, ಎರಡು ಸಲ. "ಹೆದರಬೇಡ, ಏನೂ ಆಗಲ್ಲ" ಅನ್ನುವ ಮಾತಿನಿಂದ ನನಗೆ ಯಾವತ್ತೂ ಧೈರ್ಯ ಬಂದಿಲ್ಲ. ಬಂದದ್ದು ಹೇಗೆ ಅಂತ ಹೇಳುತ್ತೇನೆ.

ನಾವು ಇರುವುದು ಕೊಲಂಬಸ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ. ಹೋದ ವರ್ಷವೂ ಮಗಳ ಜೊತೆ ಕ್ಯೂನಲ್ಲಿ ಒಂದು ಗಂಟೆಗಿಂತ ಜಾಸ್ತಿ ನಿಂತಿದ್ದೆ. ಟ್ರೇನು ಮುಂದೆ ಬಂದು ನಿಂತಾಗ ಕೈಕಾಲು ತಣ್ಣಗಾಯಿತು. ಅಲ್ಲಿದ್ದ ಹುಡುಗನಿಗೆ ಹೇಳಿ ಕೆಳಗಿಳಿದೆ. ಮಗಳು ಒಬ್ಬಳೇ ಹೋಗಿಬಂದಳು. ನನಗೆ ಅದು ತುಂಬಾ ದಿನ ಕೊರೆಯುತ್ತಿತ್ತು.

ಈ ಸಲ ನೇರವಾಗಿ ಅದರ ಹತ್ತಿರ ಹೋಗಲಿಲ್ಲ. ಬೆಳಿಗ್ಗೆ ಎರಡು ಇಡ್ಲಿ ತಿಂದಿದ್ದೆ, ಅಷ್ಟೇ. ಪುಳಿಯೋಗರೆ ಡಬ್ಬಿ ಕಾರಿನಲ್ಲೇ ಉಳಿಯಿತು. ಮೊದಲು ಬ್ಲೂ ಸ್ಟ್ರೀಕ್. 1964ರ ಮರದ ಕೋಸ್ಟರ್, 78 ಅಡಿ. ಮೈಯೆಲ್ಲಾ ಕುಲುಕಿತು, ಆದರೆ ಹೆದರಿಕೆ ತಡೆದುಕೊಳ್ಳುವಷ್ಟೇ ಇತ್ತು. ಇನ್ನೊಂದು ಸಲ ಹತ್ತಿದೆ.

ಆಮೇಲೆ ಮ್ಯಾಗ್ನಮ್. 1989ರಲ್ಲಿ ಬಂದ ಉಕ್ಕಿನ ಕೋಸ್ಟರ್, 205 ಅಡಿ. ಹೊರಟ ಜಾಗಕ್ಕೇ ಸುತ್ತಿ ಬರುವ ಕೋಸ್ಟರ್‌ಗಳಲ್ಲಿ 200 ಅಡಿ ದಾಟಿದ ಮೊದಲನೆಯದು ಇದೇ. ಸರಪಳಿ ಮೇಲಕ್ಕೆ ಎಳೆಯುವಾಗ ಕೆಳಗಿನಿಂದ ಟಕ್ ಟಕ್ ಟಕ್ ಅಂತ ಸದ್ದು. ಏನೋ ಮುರಿಯುತ್ತಿದೆ ಅನ್ನಿಸುವಂಥ ಸದ್ದು. ನಿಜವಾಗಿ ಅದು ಟ್ರೇನಿನ ಅಡಿಯ ಕೊಂಡಿ ಹಳಿಯ ಪಕ್ಕದ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುವ ಸದ್ದು. ಟ್ರೇನು ಹಿಂದಕ್ಕೆ ಜಾರದಂತೆ ಹಿಡಿಯುವುದೇ ಆ ಕೊಂಡಿ. ಇದನ್ನು ಹಿಂದಿನ ರಾತ್ರಿ ಓದಿಕೊಂಡಿದ್ದೆ. ಪ್ರತಿ ಟಕ್‌ಗೂ "ಹಿಡಿಯಿತು, ಹಿಡಿಯಿತು" ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ತುದಿ ಬರುವಷ್ಟರಲ್ಲಿ ಉಸಿರು ಸರಿಯಾಗಿತ್ತು.

ಮಿಲೇನಿಯಂ ಫೋರ್ಸ್‌ನಲ್ಲಿ ಆ ಟಕ್ ಟಕ್ ಇಲ್ಲ. 2000ನೇ ಇಸವಿಯದು. ಅಲ್ಲಿ ಸರಪಳಿಯ ಬದಲು ಉಕ್ಕಿನ ಕೇಬಲ್ ಎಳೆಯುತ್ತದೆ. 45 ಡಿಗ್ರಿ ಏರು, ಬೇಗ ಬೇಗ ಹೋಗುತ್ತದೆ. ಬೆನ್ನು ಸೀಟಿಗೆ ಒರಗಿ ಆಕಾಶ ಒಂದೇ ಕಾಣುತ್ತದೆ. ನಾನು ನೆಚ್ಚಿಕೊಂಡಿದ್ದ ಸದ್ದೇ ಇಲ್ಲ. ಆಗ ಎಣಿಸಲು ಶುರು ಮಾಡಿದೆ. ಇಪ್ಪತ್ತು ದಾಟಿದ ಮೇಲೆ ತುದಿ ಬಂತು.

ಕೂರುವ ಜಾಗದ ಬಗ್ಗೆ ಒಂದು ಮಾತು. ಟ್ರೇನಿನಲ್ಲಿ 18 ಸಾಲು, 36 ಜನ. ಮುಂದಿನವರು ತುದಿ ದಾಟಿದ ಮೇಲೆ ಒಂದು ಕ್ಷಣ ನೇತಾಡುತ್ತಾರೆ. ಹಿಂದಿನವರನ್ನು ಟ್ರೇನು ದರದರ ಎಳೆದುಕೊಂಡು ಹೋಗುತ್ತದೆ. ಮೊದಲ ಸಲ ಹತ್ತುವವರಿಗೆ ನಡುವಿನ ಸಾಲೇ ಒಳ್ಳೆಯದು. ಸೊಂಟವನ್ನು ಸೀಟಿನ ಹಿಂದಕ್ಕೆ ಪೂರ್ತಿ ಒತ್ತಿ ಕೂತು, ಆಮೇಲೆ ಲ್ಯಾಪ್ ಬಾರ್, ಅಂದರೆ ತೊಡೆಯ ಮೇಲೆ ಹಿಡಿಯುವ ಕಂಬಿ, ಎಳೆದುಕೊಳ್ಳಿ. ಮುಂದೆ ಜಾರಿ ಕೂತರೆ ತೊಡೆಯ ಹತ್ತಿರ ಸಂದು ಉಳಿದು, ದಾರಿಯುದ್ದಕ್ಕೂ ಅದೇ ಚಿಂತೆ.

"ಅಮ್ಮಾ, ಕಣ್ಣು ಮುಚ್ಚಬೇಡ. ಮುಚ್ಚಿದ್ರೆ ಹೊಟ್ಟೆ ಜಾಸ್ತಿ ತೊಳೆಸುತ್ತೆ. ಜೋರಾಗಿ ಕಿರುಚು," ಅಂದಳು ಮಗಳು.

ಇಳಿಜಾರು 80 ಡಿಗ್ರಿ, 300 ಅಡಿ. ಹೊಟ್ಟೆಯೊಳಗಿನದೆಲ್ಲಾ ಗಂಟಲಿಗೆ ಬಂದಂತಾಯಿತು. ಕಿರುಚಿದೆ. ಕಿರುಚುವುದು ಸುಮ್ನೆ ಅಲ್ಲ, ಹಿಡಿದಿಟ್ಟ ಉಸಿರು ಅದರಿಂದ ಹೊರಗೆ ಬರುತ್ತದೆ. ಕೆಳಗೆ ಬರುವಾಗ ವೇಗ ಗಂಟೆಗೆ ಸುಮಾರು 150 ಕಿಲೋಮೀಟರ್. ಅಲ್ಲಿ ಎಂಜಿನ್ ಇಲ್ಲ, ಬರೀ ಬಿದ್ದ ವೇಗ. ತುದಿ ದಾಟಿದ ಮೇಲೆ ಉಳಿದ ಹಳಿಯುದ್ದಕ್ಕೂ ಟ್ರೇನನ್ನು ಓಡಿಸುವುದು ಇದೊಂದೇ. ನನಗೆ ಇದು ಈಗಲೂ ಬೆರಗು. ಆ ತಳದಲ್ಲಿ ಮೈ ಕಲ್ಲಿನಷ್ಟು ಭಾರ. ಹೊಟ್ಟೆ, ತೊಡೆ ಬಿಗಿ ಹಿಡಿದರೆ ತಲೆ ತಿರುಗುವುದು ಕಡಿಮೆ. ಮುಂದಿನ ತಿರುವಿನಲ್ಲಿ ಟ್ರೇನು 122 ಡಿಗ್ರಿ ವಾಲುತ್ತದೆ, ನೆಟ್ಟಗೆ ಅಡ್ಡ ಮಲಗುವುದಕ್ಕಿಂತ ಜಾಸ್ತಿ. ಆಮೇಲಿನ ದಿಬ್ಬಗಳಲ್ಲಿ ತೊಡೆ ಸೀಟು ಬಿಟ್ಟು ಏಳುತ್ತದೆ, ಬಾರ್ ಹಿಡಿದುಕೊಳ್ಳುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದೇ.

ಇಳಿದಾಗ ಕೆನ್ನೆ ಒದ್ದೆ. ಗಾಳಿಗೆ ಕಣ್ಣೀರು ಕಿವಿಯವರೆಗೆ ಹರಿದಿತ್ತು. "ಇನ್ನೊಂದು ಸಲ?" ಅಂದವಳು ನಾನೇ.

ಮೊದಲ ಸಾಲಿಗೆ ಕಾಯುವುದು ಇನ್ನೂ ಜಾಸ್ತಿ ಹೊತ್ತು. ಕಾದೆವು. ತುದಿಯಲ್ಲಿ ಮುಂದೆ ಹಳಿಯೇ ಕಾಣಲಿಲ್ಲ. ಪಕ್ಕದಲ್ಲಿ ಈರಿ ಸರೋವರ, ಕಣ್ಣು ಹರಿಸಿದಷ್ಟೂ ನೀರು. ಮಗಳು ಎರಡೂ ಕೈ ಎತ್ತಿದಳು. ನಾನು ಒಂದು ಎತ್ತಿದೆ. ಇನ್ನೊಂದು ಬಾರ್ ಮೇಲೇ ಇತ್ತು.