ಲೀಡಿನ ಬಣ್ಣ ನಂಬಬೇಡಿ, ಅಕ್ಷರ ಓದಿ: ತುಮಕೂರಿನಲ್ಲಿ ಫ್ಲೋಟಿಂಗ್ ಡ್ಯೂಟಿ

ನರ್ಸಿಗೆ ಫ್ಲೋಟಿಂಗ್ ಡ್ಯೂಟಿ ಅಂದರೆ ಇವತ್ತು ಮೆಡಿಸಿನ್ ವಾರ್ಡು, ನಾಳೆ ಕಾರ್ಡಿಯಾಕ್. ಟೆಲಿಮೆಟ್ರಿ (ರೋಗಿ ಧರಿಸಿದ ಪುಟ್ಟ ಬಾಕ್ಸಿನಿಂದ ಹೃದಯದ ಬಡಿತವನ್ನು ದೂರದ ಮಾನಿಟರಿಗೆ ಕಳಿಸುವ ವ್ಯವಸ್ಥೆ) ರೋಗಿಗಳಿರುವ ಕಡೆ ಹಾಕಿದರೆ, ಹಿಂದಿನ ಪಾಳಿಯವರಿಂದ ಹ್ಯಾಂಡ್‌ಓವರ್ ಮುಗಿದ ಕೂಡಲೇ ಬಾಕ್ಸಿನ ನಂಬರು, ರೋಗಿಯ ಕೈಪಟ್ಟಿ, ಸೆಂಟ್ರಲ್ ಮಾನಿಟರಿನ ಹೆಸರು ಮೂರನ್ನೂ ತಾಳೆ ನೋಡುತ್ತೇನೆ. ಬೆಡ್ ಬದಲಾದರೂ ಮಾನಿಟರಿನಲ್ಲಿ ಹಳೆಯ ಹೆಸರೇ ಉಳಿದಿರುವುದುಂಟು. ಆಗ ಅಲಾರಂ ಒಬ್ಬರದು, ನಾವು ಓಡುವುದು ಇನ್ನೊಬ್ಬರ ಹತ್ತಿರ.

ಆಮೇಲೆ ಲೀಡು, ಅಂದರೆ ಬಾಕ್ಸಿನಿಂದ ರೋಗಿಯ ಮೈಗೆ ಸಿಕ್ಕಿಸುವ ಬಣ್ಣದ ವೈರು. ವಾರ್ಡು ಬದಲಾಯಿಸುವವರು ಹೆಚ್ಚು ಎಡವುವುದು ಇಲ್ಲೇ. ಅಮೆರಿಕದ ಪದ್ಧತಿಯ ಕೇಬಲ್ಲಿನಲ್ಲಿ ಬಲಭುಜಕ್ಕೆ ಬಿಳಿ, ಎಡಭುಜಕ್ಕೆ ಕಪ್ಪು, ಕೆಳಗೆ ಬಲಕ್ಕೆ ಹಸಿರು, ಎಡಕ್ಕೆ ಕೆಂಪು, ಎದೆಗೆ ಕಂದು. ಯುರೋಪಿನದರಲ್ಲಿ ಬಲಭುಜಕ್ಕೆ ಕೆಂಪು, ಎಡಭುಜಕ್ಕೆ ಹಳದಿ, ಕೆಳಗೆ ಬಲಕ್ಕೆ ಕಪ್ಪು, ಎಡಕ್ಕೆ ಹಸಿರು, ಎದೆಗೆ ಬಿಳಿ. ಅಮೆರಿಕದ ರೂಢಿಯಲ್ಲಿ ಯುರೋಪಿನ ಕೇಬಲ್ ಹಾಕಿದರೆ ಕೆಂಪೂ ಹಸಿರೂ ಎರಡೂ ಹೊಟ್ಟೆಯ ಕಡೆ ಬಂದು ಕೂರುತ್ತವೆ. ಪರದೆಯಲ್ಲಿ ಲೀಡ್ 2 ಎಂದು ಕಾಣುವ ಇಸಿಜಿ ಗೆರೆ ಅಳೆಯುವುದು ಆ ಎರಡರ ನಡುವೆಯೇ ಆದ್ದರಿಂದ ಅಲೆ ತೀರಾ ಸಣ್ಣದಾಗುತ್ತದೆ. ಹೃದಯ ನಿಂತಿದೆ ಎಂದು ಮಾನಿಟರ್ ಕೂಗಲೂಬಹುದು. ಅದಕ್ಕೇ ಕ್ಲಿಪ್ಪಿನ ಮೇಲಿನ ಅಕ್ಷರ ಓದಿ: ಆಗಲೇ ಹೇಳಿದ ಕ್ರಮದಲ್ಲೇ ಅಮೆರಿಕದ್ದರಲ್ಲಿ ಆರ್‌ಎ, ಎಲ್‌ಎ, ಆರ್‌ಎಲ್, ಎಲ್‌ಎಲ್, ವಿ, ಯುರೋಪಿನದರಲ್ಲಿ ಆರ್, ಎಲ್, ಎನ್, ಎಫ್, ಸಿ. ಎದೆಯ ಲೀಡನ್ನು ವಿ1 ಜಾಗಕ್ಕೆ ಹಾಕುವುದಾದರೆ ಪಕ್ಕೆಲುಬಿನ 4ನೇ ಸಂದು, ಎದೆಮೂಳೆಯ ಬಲ ಅಂಚು. ಕಣ್ಣಂದಾಜು ಬೇಡ, ಬೆರಳಿಂದ ಎಣಿಸಿ.

ನಮ್ಮ ಕಡೆ ಎದೆಗೆ ಕೊಬ್ಬರಿ ಎಣ್ಣೆ, ಪೌಡರು, ನೋವಿನ ಮುಲಾಮು ಹಚ್ಚಿಕೊಂಡೇ ಬರುತ್ತಾರೆ. ಅದರ ಮೇಲೆ ಎಲೆಕ್ಟ್ರೋಡ್ (ಲೀಡಿನ ಕ್ಲಿಪ್ ಸಿಕ್ಕಿಸುವ ಅಂಟುಬಿಲ್ಲೆ) ನಿಲ್ಲುವುದಿಲ್ಲ. ಕೂದಲು ಕತ್ತರಿಸಿ, ಸೋಪುನೀರಲ್ಲಿ ಒರೆಸಿ, ಒಣ ಗಾಜ್ ಬಟ್ಟೆಯಿಂದ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಸ್ವಲ್ಪ ಉಜ್ಜಿ. ಮೊದಲು ಕ್ಲಿಪ್ ಸಿಕ್ಕಿಸಿ, ಆಮೇಲೆ ಅಂಟಿಸಿ. ಅಂಟಿಸಿದ ಮೇಲೆ ಕ್ಲಿಪ್ ಒತ್ತಿದರೆ ರೋಗಿಗೆ ನೋವು, ಜೆಲ್ಲೂ ಹರಡುತ್ತದೆ. ದಿನಕ್ಕೊಮ್ಮೆ ಬದಲಾಯಿಸಿ, ಬೇಸಿಗೆಯ ಬೆವರಿಗೆ ಇನ್ನೂ ಬೇಗ. ತೆರೆದಿಟ್ಟ ಪ್ಯಾಕೆಟ್ಟಿನ ಜೆಲ್ ಒಣಗಿರುತ್ತದೆ, ಬಳಸಬೇಡಿ.

ವಿಟಿ (ಹೃದಯದ ಕೆಳಗಿನ ಕೋಣೆಗಳಿಂದ ಹುಟ್ಟುವ ಅಪಾಯದ ವೇಗದ ಬಡಿತ) ಎಂದು ಅಲಾರಂ ಬಂದರೆ ಮೊದಲು ರೋಗಿಯ ಹತ್ತಿರ ಹೋಗಿ, ಮಾತಾಡಿಸಿ, ನಾಡಿ ಹಿಡಿಯಿರಿ. ಹಲ್ಲುಜ್ಜುವ ಕೈಯಲುಗಾಟವೂ ಪರದೆಯಲ್ಲಿ ವಿಟಿಯಂತೆಯೇ ಕಾಣುತ್ತದೆ. ಆಕ್ಸಿಜನ್ ಪ್ರೋಬಿನ ಅಲೆ ಮಾಮೂಲಿನಂತೆ ಬರುತ್ತಿದ್ದು, ಗಲಿಬಿಲಿಯ ಗೆರೆಗಳ ನಡುವೆ ಪ್ರತಿ ಬಡಿತದ ಚೂಪು ಗೆರೆಯಾದ ಕ್ಯುಆರ್‌ಎಸ್ ಅದೇ ಅಂತರದಲ್ಲಿ ಸಿಕ್ಕರೆ ಅದು ಅಲುಗಾಟವೇ. ನಾಡಿ ಸಿಗದಿದ್ದರೆ ಕೂಗಿ ಜನ ಕರೆದು ಸಿಪಿಆರ್ (ಎದೆ ಒತ್ತುವುದು) ಶುರು ಮಾಡಿ, ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ತರಿಸಿ. ನಾಡಿ ಇದ್ದೂ ವಿಟಿಯೇ ಆಗಿದ್ದರೆ ಬಿಪಿ ನೋಡುತ್ತಲೇ ಡಾಕ್ಟರಿಗೆ ಹೇಳಿ, ಆ ಗೆರೆಯ ಪ್ರಿಂಟು (ಸ್ಟ್ರಿಪ್) ತೆಗೆದಿಡಿ.

ಅಲಾರಂ ಜಾಸ್ತಿ ಎಂದು ಸದ್ದು ಅಡಗಿಸುವುದು ಮಾತ್ರ ಖಂಡಿತ ಬೇಡ. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಮೇಲಿನ ಕೋಣೆಗಳ ಕ್ರಮ ತಪ್ಪಿದ ಬಡಿತ) ಇರುವವರಿಗೆ ಅಲಾರಂ ಮಿತಿ ಎಷ್ಟಿರಬೇಕೆಂದು ಡಾಕ್ಟರನ್ನು ಕೇಳಿ, ಅಷ್ಟಕ್ಕೆ ಇಟ್ಟು, ಚಾರ್ಟಿನಲ್ಲಿ ಬರೆಯಿರಿ. ಬಾಕ್ಸಿನ ಬ್ಯಾಟರಿಯನ್ನು ಡ್ಯೂಟಿ ಹಿಡಿದಾಗಲೇ ನೋಡಿಕೊಳ್ಳಿ.