ವರ್ಷಕ್ಕೆ ನೂರು ವಿಡಿಯೋ ಅಂತ ಹೊರಟೋನು ವಾರಕ್ಕೊಂದು ಕಲ್ಲಿಗೆ ಬಂದು ನಿಂತೆ (ನನ್ನ ಅನುಭವ)

2022 ಜನವರಿ 1ನೇ ತಾರೀಕು, ನಾನು ಕೆಲಸ ಮಾಡೋ ಅಡಿಕೆ ಮಂಡಿಯವ್ರು ಕೊಟ್ಟ ಡೈರಿಯ ಮೊದಲ್ನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ಈ ವರ್ಷ 100 ವಿಡಿಯೋ" ಅಂತ ಬರ್ದು ಕೆಳಗೆ ಎರಡು ಗೆರೆ ಎಳ್ದಿದ್ದೆ. ಆ ಡೈರಿ ಈಗ್ಲೂ ಮನೇಲಿದೆ. ಫೆಬ್ರವರಿ ಮುಗಿಯೋದ್ರೊಳಗೆ ಆರು ಟಿಕ್ ಮಾರ್ಕು, ಮಾರ್ಚಲ್ಲಿ ಒಂದು, ಏಪ್ರಿಲಿಂದ ಅದೇ ಡೈರಿಯಲ್ಲಿ ಹಾಲಿನ ಲೆಕ್ಕ ಶುರುವಾಗತ್ತೆ.

ನಾನು ಮಾಡೋದು ಶಾಸನ, ವೀರಗಲ್ಲು (ಕಾದಾಡಿ ಸತ್ತೋರ ನೆನಪಿನ ಕಲ್ಲು), ಮಾಸ್ತಿಕಲ್ಲು (ಸತಿ ಹೋದೋರ ನೆನಪಿನ ಕಲ್ಲು) ಇವುಗಳ ಬಗ್ಗೆ ವಿಡಿಯೋ. ಸೊರಬ, ಶಿಕಾರಿಪುರ ಕಡೆಯವ್ರಿಗೆ ಗೊತ್ತು, ನಮ್ಮಲ್ಲಿ ಕಲ್ಲಿಗೆ ಬರ ಅಂತೂ ಇಲ್ಲ. ಕೆರೆ ಏರಿ ಮೇಲೆ ಒಂದು, ಶಾಲೆ ಕಾಂಪೌಂಡಲ್ಲಿ ಒಂದು, ಯಾರದೋ ಮನೆ ಹಿತ್ಲಲ್ಲಿ ಬಟ್ಟೆ ಒಗೆಯೋಕೆ ಇಟ್ಕೊಂಡಿದ್ದು ಒಂದು. ನಾನು ಇತಿಹಾಸ ಓದಿದೋನಲ್ಲ, ಬಿಕಾಂ ಮಾಡಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತೀನಿ, ಚಾನೆಲ್ಲು ಅನ್ನೋದು ಭಾನುವಾರದ ಹುಚ್ಚು. ಕ್ಯಾಮೆರಾ ಅಂದ್ರೆ ಫೋನೇ, ಜೊತೆಗೆ ಒಂದು ಟಾರ್ಚು, ಒಂದು ಕಾಲರ್ ಮೈಕು, ಒಂದು ತೆಂಗಿನ ನಾರಿನ ಬ್ರಷ್ಷು. ಬೆಂಗಳೂರಲ್ಲಿ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸದ ಸಂಸ್ಥೆಯವ್ರು ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಾರೆ ಅಂತ ಕೇಳಿದಾಗೆಲ್ಲಾ ಹೊಟ್ಟೆ ಉರಿಯತ್ತೆ, ಅದು ಬೇರೆ ಮಾತು.

ನೂರು ಅನ್ನೋ ನಂಬರ್ ಎಲ್ಲಿಂದ ಬಂತು ಅಂದ್ರೆ, ಎಲ್ಲಿಂದಾನೂ ಇಲ್ಲ. ರೌಂಡ್ ಫಿಗರ್ರು, ಕೇಳೋಕೆ ಚೆನ್ನಾಗಿತ್ತು, ಅಷ್ಟೆ. ಏಪ್ರಿಲಲ್ಲಿ ಕೈಬಿಟ್ಟಾಗ ನನಗೆ ಅನ್ಸಿದ್ದು ನಾನು ಸೋಮಾರಿ ಅಂತ. ಹಾಗಾಗಿ ಪರಿಹಾರಾನೂ ಸೋಮಾರಿಗೆ ಮಾಡೋ ತರಾನೇ ಮಾಡ್ದೆ, ಬೆಳಿಗ್ಗೆ ನಾಲ್ಕೂವರೆಗೆ ಅಲಾರಂ ಇಟ್ಟೆ, ವಾಟ್ಸಾಪಲ್ಲಿ ಎಲ್ಲರಿಗೂ ಹೇಳ್ಕೊಂಡೆ, ಬೇರೆಯವ್ರ ಚಾನೆಲ್ ನೋಡಿ ನೋಡಿ ಹುರುಪು ತಂದ್ಕೊಳ್ಳೋಕೆ ನೋಡ್ದೆ. ಹತ್ತು ದಿನ ಎದ್ದೆ, ಹನ್ನೊಂದನೇ ದಿನ ಅಲಾರಂ ಆಫ್ ಮಾಡಿದ್ದು ನಾನೋ ನನ್ ಹೆಂಡತಿಯೋ ಅಂತ ಇವತ್ತಿಗೂ ತೀರ್ಮಾನ ಆಗಿಲ್ಲ.

ಆಮೇಲೆ ಮಳೆಗಾಲದಲ್ಲಿ ಒಂದಿನ ಫೋನ್ ಸ್ಟೋರೇಜ್ ಫುಲ್ ಅಂತ ಬಂತು. ಏನೇನಿದೆ ನೋಡೋಣ ಅಂತ ಕೂತ್ರೆ, ಒಂದೊಂದೇ ಫೋಲ್ಡರ್ ತೆಗೀತಾ ತೆಗೀತಾ ನನಗೇ ನಾಚಿಕೆ ಆಯ್ತು, ಯಾಕಂದ್ರೆ ಶೂಟ್ ಮಾಡಿ ಹಂಗೇ ಬಿಟ್ಟಿರೋ ಕಲ್ಲುಗಳು 23 ಇದ್ವು. ಇಪ್ಪತ್ಮೂರು! ವಿಡಿಯೋ ಆಗಿ ಹೊರಗೆ ಹೋಗಿದ್ದು ಏಳು. ಮಂಡಿಯಲ್ಲಿ ದಿನಾ ಬರೆಯೋ ಪುಸ್ತಕ ತಕ್ಷಣ ಕಣ್ಮುಂದೆ ಬಂತು. ಆವಕ ಇಷ್ಟು ಚೀಲ, ಮಾರಾಟ ಇಷ್ಟು, ಉಳಿದ ಶಿಲ್ಕು ಇಷ್ಟು. ಆವಕ 30, ಮಾರಾಟ 7, ಶಿಲ್ಕು 23 ಅಂತ ಯಾವ ಮಂಡಿಯಾದ್ರೂ ಬರ್ಕೊಂಡು ಕೂತ್ರೆ ಅದು ಮಂಡಿ ಅಲ್ಲ ಗೋಡೌನು. ಅಂದ್ರೆ ನಾನು ಸೋಮಾರಿ ಆಗಿರ್ಲಿಲ್ಲ, ಪ್ರತೀ ಭಾನುವಾರ ಬೈಕ್ ಹತ್ತಿ ಹೋಗ್ತಾನೇ ಇದ್ದೆ, ಮಾಲು ಬರ್ತಾನೇ ಇತ್ತು. ಸಿಕ್ಕಾಕ್ಕೊಂಡಿದ್ದು ಒಳಗಡೆ ಎಲ್ಲೋ. "100 ವಿಡಿಯೋ" ಅನ್ನೋ ಗುರಿಗೆ ಅದು ಎಲ್ಲಿ ಅಂತ ಹೇಳೋ ಯೋಗ್ಯತೆ ಇರ್ಲಿಲ್ಲ, ಅದು ಬರೀ "ಆಗಿಲ್ಲ, ಆಗಿಲ್ಲ" ಅಂತ ಬೈಯ್ಯೋದಷ್ಟೇ.

ಅವತ್ತು ರಾತ್ರಿನೇ ಒಂದು ನೋಟ್‌ಬುಕ್ಕಿಗೆ ಕಾಲಂ ಹಾಕ್ದೆ. ಕಲ್ಲು, ಓದು, ಬರಹ, ಧ್ವನಿ, ಎಡಿಟ್, ಹೊರಗೆ. ಆ 23 ಕಲ್ಲನ್ನೂ ಬರ್ದು ಯಾವ್ದು ಎಲ್ಲಿ ನಿಂತಿದೆ ಅಂತ ಗುರುತು ಹಾಕ್ತಾ ಹೋದ್ರೆ ಹತ್ತೊಂಬತ್ತು ನಿಂತಿದ್ದು ಒಂದೇ ಜಾಗದಲ್ಲಿ, ಬರಹದಲ್ಲಿ. ಎಡಿಟಿಂಗ್ ಕಷ್ಟ ಅಂತ ಒಂದ್ ವರ್ಷದಿಂದ ಎಲ್ಲರ ಹತ್ರ ಅಳ್ತಿದ್ದೆ, ಹೊಸ ಲ್ಯಾಪ್‌ಟಾಪಿಗೆ ದುಡ್ಡು ಬೇರೆ ಕೂಡಿಡ್ತಿದ್ದೆ. ಲ್ಯಾಪ್‌ಟಾಪ್ ತಗೊಂಡಿದ್ರೆ ಶಿಲ್ಕು ಅದರಲ್ಲಿ ಇರ್ತಿತ್ತು, ಅಷ್ಟೇ ವ್ಯತ್ಯಾಸ.

ಬರಹದಲ್ಲಿ ಯಾಕೆ ನಿಲ್ತಿತ್ತು ಅನ್ನೋದಕ್ಕೆ ಶಿಕಾರಿಪುರ ತಾಲೂಕಿನ ತಾಳಗುಂದದ ವಿಡಿಯೋನೇ ಸಾಕ್ಷಿ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಶಾಸನದ ಕಂಬ ಗೊತ್ತಲ್ಲ, ಕದಂಬ ಶಾಂತಿವರ್ಮನ ಕಾಲದ್ದು, ಕುಬ್ಜ ಅನ್ನೋ ಕವಿ ರಚಿಸಿದ್ದು, ಮಯೂರಶರ್ಮ ಓದೋಕೆ ಅಂತ ಕಂಚಿಗೆ ಹೋಗಿ ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿ ದರ್ಭೆ ಹಿಡಿಯೋ ಕೈಯಲ್ಲಿ ಕತ್ತಿ ಹಿಡ್ದ ಕತೆ ಅದರಲ್ಲಿದೆ. ಅದನ್ನ ಮಾಡೋಕೆ ಕೂತೋನು ಕದಂಬರ ಪೂರ್ತಿ ವಂಶ, ಪಲ್ಲವರು, ಬನವಾಸಿ, ಲಿಪಿಯ ಇತಿಹಾಸ ಎಲ್ಲಾ ತುಂಬೋಕೆ ಹೋಗಿ ಏಳು ವಾರ ತಗೊಂಡೆ. 31 ನಿಮಿಷದ ವಿಡಿಯೋ. ಜನ ಸರಾಸರಿ ನಾಲ್ಕು ನಿಮಿಷ ನೋಡಿ ಎದ್ದು ಹೋಗಿದಾರೆ. ನನ್ನ ಪ್ರಕಾರ ಅವ್ರ ತಪ್ಪೇನಿಲ್ಲ.

ಹಾಗಾಗಿ ಗುರಿಯ ಅಳತೆನೇ ಬದಲಾಯಿಸ್ದೆ. ವಿಡಿಯೋ ಅಲ್ಲ, ಕಲ್ಲು. ವಾರಕ್ಕೊಂದು ಕಲ್ಲು ಆವಕದ ಕಡೆಯಿಂದ ಹೊರಗಿನ ಕಡೆಗೆ ದಾಟ್ಬೇಕು, ಒಂದು ಕಲ್ಲಿಗೆ ಒಂದೂವರೆ ಪುಟಕ್ಕಿಂತ ಜಾಸ್ತಿ ಬರೆಯೋ ಹಾಗಿಲ್ಲ, ಶಿಲ್ಕು ಹತ್ತಕ್ಕಿಂತ ಜಾಸ್ತಿ ಇದ್ರೆ ಭಾನುವಾರ ಬೈಕ್ ಮುಟ್ಟೋ ಹಾಗಿಲ್ಲ. ಈ ಕೊನೇದು ತುಂಬಾ ಕಷ್ಟ ಆಯ್ತು, ಸುತ್ತಾಟನೇ ನನ್ನ ಖುಷಿ ಆಗಿದ್ದು, ಮೊದಲ ಎರಡು ತಿಂಗಳು ಮನೇಲಿ ಕೂತು ಹಳೇ ಶಿಲ್ಕು ತೀರಿಸೋದ್ರಲ್ಲೇ ಹೋಯ್ತು.

ಈ ಗುರಿನ ಹೆಂಗೆ ಬರ್ಕೊಂಡೆ ಅನ್ನೋದು ಕೇಳಿದ್ರೆ ನಗ್ತೀರ. ದಿನಾ ಓದೋದು ದಾನಶಾಸನ, ಅದಕ್ಕೊಂದು ಕ್ರಮ ಇರತ್ತೆ. ಸ್ವಸ್ತಿ ಅಂತ ಶುರು, ಯಾವ ರಾಜ, ಯಾವ ಶಕವರ್ಷ, ಯಾರು ಯಾರಿಗೆ ಏನು ಕೊಟ್ರು, ಗದ್ದೆಯ ನಾಲ್ಕೂ ಕಡೆ ಗಡಿ ಯಾವ್ದು, ಸಾಕ್ಷಿ ಯಾರು, ಕೊನೇಗೆ ಶಾಪ. ನಾನೂ ಅದೇ ತರ ಬರ್ದೆ. ಕೊಟ್ಟಿದ್ದು ಏನು ಅಂದ್ರೆ ಸೋಮವಾರದಿಂದ ಶನಿವಾರ ದಿನಾ ರಾತ್ರಿ ಒಂಬತ್ತರಿಂದ ಹತ್ತು. ಗಡಿ ಅಂದ್ರೆ ಮೂಡಲಿಗೆ ಊಟ, ಪಡುವಲಿಗೆ ನಿದ್ದೆ, ತೆಂಕಲಿಗೆ ಮಗಳ ಹೋಂವರ್ಕು, ಬಡಗಲಿಗೆ ಟಿವಿ. ಸಾಕ್ಷಿ ನನ್ ಹೆಂಡತಿ. ಕೊನೇಗೆ ಎಷ್ಟೋ ದಾನಶಾಸನದಲ್ಲಿ ಬರೋ ಶ್ಲೋಕ, "ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ", ತಾನು ಕೊಟ್ಟಿದ್ದಾದ್ರೂ ಬೇರೆಯವ್ರು ಕೊಟ್ಟಿದ್ದಾದ್ರೂ ಕಿತ್ಕೊಂಡೋನು ಅರವತ್ತು ಸಾವಿರ ವರ್ಷ ಹೇಲಲ್ಲಿ ಹುಳ ಆಗಿ ಹುಟ್ತಾನೆ. ಬೀರು ಬಾಗಿಲ ಒಳಗಡೆ ಅಂಟಿಸಿದೀನಿ. ಅವ್ಳು ಸೀರೆ ತೆಗಿಯೋಕೆ ಬೀರು ತೆಗೆದಾಗೆಲ್ಲಾ ಓದಿ "ರೀ, ಈ ವಾರ ಹುಳನಾ ಮನುಷ್ಯನಾ?" ಅಂತಾಳೆ. ತಮಾಷೆ ಅನ್ಸತ್ತೆ, ಆದ್ರೆ ಹಳೇ ಡೈರಿಯ ಗುರಿಗೂ ಇದಕ್ಕೂ ನಿಜವಾದ ವ್ಯತ್ಯಾಸ ಅಂದ್ರೆ ಆ ಗಡಿನೇ. ಡೈರಿಯಲ್ಲಿ ಎಷ್ಟು ಅಂತ ಇತ್ತು, ಯಾವಾಗ ಅಂತ ಇರ್ಲಿಲ್ಲ. ಗಡಿ ಹೇಳದ ಗದ್ದೆ ಅಕ್ಕಪಕ್ಕದವ್ರ ಪಾಲು, ನನ್ನ ರಾತ್ರಿಗಳೂ ಹಂಗೇ ಆಗಿದ್ವು.

ಬರೆಯೋಕೆ ಓದ್ಬೇಕು. ಬಿ. ಎಲ್. ರೈಸ್ ಅವರು ಶಾಸನಗಳನ್ನ ಒಟ್ಟುಗೂಡಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ 7 ಮತ್ತು 8 ನಮ್ಮ ಶಿವಮೊಗ್ಗ ಕಡೆಯವು, 1902 ಮತ್ತು 1904ರಲ್ಲಿ ಬಂದಿದ್ದು. ಶಿಕಾರಿಪುರ ಏಳರಲ್ಲಿ, ಸೊರಬ ಎಂಟರಲ್ಲಿ, ತಾಲೂಕಿಗೆ ತಕ್ಕಂಗೆ ಒಂದರಿಂದ ನಂಬರ್ ಕೊಟ್ಟು ಪಾಠ, ಅನುವಾದ ಎಲ್ಲಾ ಇದೆ, ಇಂಟರ್ನೆಟ್ ಆರ್ಕೈವಲ್ಲಿ ಪುಕ್ಸಟ್ಟೆ ಸಿಗತ್ತೆ. ಸೋಮವಾರ ಅದನ್ನ ಓದೋದು, ಮಂಗಳ ಬುಧ ಬರೆಯೋದು, ಗುರುವಾರ ಧ್ವನಿ, ಶುಕ್ರ ಶನಿ ಎಡಿಟ್. ಧ್ವನಿಗೆ ಮಾತ್ರ ಮನೇಲಿ ಜಾಗ ಇರ್ಲಿಲ್ಲ, ಮಿಕ್ಸಿ, ನಾಯಿ, ಪಕ್ಕದ ಮನೆ ಟಿವಿ, ಗೋಡೆಯ ಎಕೋ. ಒಂದಿನ ಮಂಡಿ ಗೋಡೌನಲ್ಲಿ ಫೋನಲ್ಲಿ ಮಾತಾಡ್ತಿದ್ದಾಗ ಗೆಳೆಯ "ಸ್ಟುಡಿಯೋದಲ್ಲಿದೀಯೇನೋ" ಅಂದ. ಸುತ್ತ ಅಡಿಕೆ ತುಂಬಿದ ಗೋಣಿಚೀಲ ಸೂರಿನ ತನಕ ಪೇರ್ಸಿದ್ರು, ಎಕೋ ಅನ್ನೋದು ಸೊಲ್ಲೆತ್ತೋ ಹಾಗಿಲ್ಲ. ಸಾಹುಕಾರ್ರ ಹತ್ರ ಕೇಳಿ ಗುರುವಾರ ರಾತ್ರಿ ಬೀಗದಕೈ ಇಟ್ಕೋತೀನಿ. ರೇಟ್ ಏರಿ ಮಾಲೆಲ್ಲಾ ಖಾಲಿ ಆದ ವಾರ ನನ್ನ ದನಿ ಬಾವಿಯೊಳಗಿಂದ ಬಂದಂಗೆ ಕೇಳತ್ತೆ, ಹಳೇ ವಿಡಿಯೋ ಕೇಳಿ ಆ ವಾರ ಅಡಿಕೆ ಮಾರ್ಕೆಟ್ ಹೆಂಗಿತ್ತು ಅಂತ ನಾನು ಹೇಳ್ಬಲ್ಲೆ.

ಕಲ್ಲನ್ನೇ ಅಳತೆ ಮಾಡ್ಕೊಂಡಿದ್ರಿಂದ ನಾನು ಅಂದ್ಕೊಳ್ಳದ ಇನ್ನೊಂದು ಲಾಭನೂ ಆಯ್ತು. ಸೊರಬದ ಹತ್ರ ಒಂದು ಹಳ್ಳಿ, ಹೆಸ್ರು ಬೇಡ, ಕೊಟ್ಟಿಗೆ ಹಿಂದೆ ಸೊಂಟದೆತ್ತರದ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ತುರು ಅಂದ್ರೆ ದನ ಹೊಡ್ಕೊಂಡು ಹೋಗೋರ ಜೊತೆ ಕಾದಾಟ, ನಡುವೆ ಅಪ್ಸರೆಯರು ವೀರನ್ನ ಎತ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಅವ್ನು ಕೈ ಮುಗಿದು ಕೂತಿರೋದು. ಮಧ್ಯಾಹ್ನ ಹೋಗಿ ನೋಡಿದ್ರೆ ಅಕ್ಷರನೇ ಇಲ್ಲ, ಬೋಳು ಕಲ್ಲು. ಮೊದಲಾದ್ರೆ ಎರಡು ಫೋಟೋ ಹೊಡ್ಕೊಂಡು ಮುಂದಿನ ಊರಿಗೆ ಹೋಗ್ತಿದ್ದೆ, ದಿನಕ್ಕೆ ಐದು ಊರು ಸುತ್ತೋದೇ ಸಾಧನೆ ಆಗಿತ್ತಲ್ಲ. ಈಗ ಒಂದೇ ಕಲ್ಲು ಸಾಕಾಗಿದ್ರಿಂದ ಮಾರ್ನೇ ದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಹೋದೆ. ಬಿಸಿಲು ಪಕ್ಕದಿಂದ ಓರೆಯಾಗಿ ಬೀಳ್ತಿತ್ತು, ಪಟ್ಟಿಕೆಗಳ ಮಧ್ಯದ ಅಂಚಲ್ಲಿ ಸಾಲು ಸಾಲು ಅಕ್ಷರ ಎದ್ದು ಕೂತಿದ್ವು. ಕೆಲವ್ರು ಹಿಟ್ಟು, ಸೀಮೆಸುಣ್ಣ ಉಜ್ಜಿ ಓದ್ತಾರೆ, ದಯವಿಟ್ಟು ಬೇಡ, ಕಲ್ಲು ಹಾಳಾಗತ್ತೆ, ಬೆಳಕಿಗೆ ಕಾದ್ರೆ ಸಾಕು, ಇಲ್ಲಾಂದ್ರೆ ಕತ್ಲಾದ್ಮೇಲೆ ಟಾರ್ಚನ್ನ ಕಲ್ಲಿನ ಪಕ್ಕಕ್ಕೇ ತಾಗಿಸಿ ಹಿಡೀರಿ. ಕೊಟ್ಟಿಗೆಗೆ ಬಂದ ಅಜ್ಜಿ ನಾನು ಬಗ್ಗಿ ಕೂತಿದ್ದು ನೋಡಿ "ಏನ್ ತಮ್ಮಾ, ನಿಧಿ ಏನಾರ ಐತಾ?" ಅಂದ್ರು. ಇಲ್ಲಜ್ಜಿ, ದನ ಬಿಡಿಸ್ಕೊಂಡು ಬರೋಕೆ ಹೋಗಿ ಸತ್ತೋನ ಕಲ್ಲು ಇದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾರೆ ಕೊಟ್ಟಿಗೆ ಹಿಂದೆ ಇರದೇ ಸರಿ ಬಿಡು" ಅಂದ್ರು. ಅದನ್ನೇ ವಿಡಿಯೋದ ಮೊದಲ್ನೇ ಸಾಲು ಮಾಡ್ದೆ, ಒಂಬತ್ತು ನಿಮಿಷದ ವಿಡಿಯೋ, ತಾಳಗುಂದಕ್ಕಿಂತ ನಾಲ್ಕು ಪಟ್ಟು ಜನ ನೋಡಿದಾರೆ.

ಮಧ್ಯದಲ್ಲಿ ಒಂದ್ಸಲ ಗುರಿ ತಪ್ಪಿದ್ದೂ ಇದೆ. ಯೂಟ್ಯೂಬಿಂದ ಜಾಹೀರಾತಿನ ದುಡ್ಡು ಬರ್ಬೇಕಂದ್ರೆ 1,000 ಸಬ್‌ಸ್ಕ್ರೈಬರ್ಸ್ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ಜನ ನೋಡಿರ್ಬೇಕು, ಇಲ್ಲಾ ಶಾರ್ಟ್ಸಿಗೆ 90 ದಿನದಲ್ಲಿ 1 ಕೋಟಿ ವ್ಯೂಸ್. 2023ರಲ್ಲಿ ನನ್ನದು 2,600 ಗಂಟೆ ಹತ್ರ ಇತ್ತು, ಬೇಗ ಮುಟ್ಟಿಸೋಣ ಅಂತ ಒಂದು ತಿಂಗಳು ದಿನಕ್ಕೊಂದು ಶಾರ್ಟ್ ಹಾಕ್ದೆ. ಸಬ್‌ಸ್ಕ್ರೈಬರ್ಸ್ ಏರಿದ್ರು, ಗಂಟೆ ಅಲ್ಲಾಡ್ಲಿಲ್ಲ, ಯಾಕಂದ್ರೆ ಶಾರ್ಟ್ಸ್ ಫೀಡಲ್ಲಿ ನೋಡಿದ ಸಮಯ ಆ 4,000ಕ್ಕೆ ಸೇರೋದೇ ಇಲ್ಲ. ಇದು ನಿಯಮದಲ್ಲೇ ಬರ್ದಿತ್ತು, ಆರುನೂರು ಎಂಟುನೂರು ವರ್ಷದ ಶಾಸನ ಓದೋನು ಅದನ್ನ ಓದಿರ್ಲಿಲ್ಲ. ಆ ತಿಂಗಳು ಬೀರು ಬಾಗಿಲಲ್ಲಿ ನಾಲ್ಕೂ ವಾರ ಹುಳ. ಕೊನೇಗೆ 4,000 ಆಗಿದ್ದು ಮಾಮೂಲಿ ವಾರಕ್ಕೊಂದು ಕಲ್ಲಲ್ಲೇ, ಆರು ತಿಂಗಳು ತಡವಾಗಿ. ದುಡ್ಡು ಎಷ್ಟು ಅಂತ ಎಲ್ಲರೂ ಕೇಳ್ತಾರೆ, 100 ಡಾಲರ್ ಆಗೋ ತನಕ ಕೈಗೆ ಬರಲ್ಲ, ನನಗೆ ಅದು ಮೂರು ನಾಲ್ಕು ತಿಂಗಳಿಗೊಮ್ಮೆ ಆಗತ್ತೆ. ಪೆಟ್ರೋಲಿಗೆ ಸಾಕು.

ವಾರಕ್ಕೊಂದು ಅಂದ್ರೆ 52 ಆಗ್ಬೇಕಲ್ಲಾ ಅಂದ್ರೆ, ಆಗಲ್ಲ, ಆಗ್ಬೇಕು ಅಂತಾನೂ ಇಲ್ಲ. ಮಲೆನಾಡಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಕಲ್ಲ ಮೇಲೆಲ್ಲಾ ಹಾವಸೆ, ಕಾಲಿಗೆ ಉಂಬಳ (ಜಿಗಣೆ), ಹೊರಗೆ ಹೋಗಿ ಪ್ರಯೋಜನ ಇಲ್ಲ. ಬೆಳಕು ಚೆನ್ನಾಗಿರೋ ಚಳಿಗಾಲದಲ್ಲೇ ಅಡಿಕೆ ಸುಗ್ಗಿ, ಮಂಡಿಯಲ್ಲಿ ರಾತ್ರಿ ಹತ್ತಾದ್ರೂ ಲೆಕ್ಕ ಮುಗಿಯಲ್ಲ. ಹಾಗಾಗಿ ಈಗ ಮಾರ್ಚಿಂದ ಮೇ ಒಳಗೆ ಹನ್ನೆರಡು ಕಲ್ಲು ಶೂಟ್ ಮಾಡಿ ಮಳೆಗಾಲಕ್ಕೆ ಶಿಲ್ಕು ಇಡ್ತೀನಿ, ಕಟ್ಟಿಗೆ ಒಟ್ಟಿದಂಗೆ. ಹೌದು, ಹತ್ತರ ನಿಯಮ ಅಲ್ಲಿ ಮುರಿಯತ್ತೆ, ಸಾಕ್ಷಿಯವ್ರ ಒಪ್ಪಿಗೆ ತಗೊಂಡು ಶಾಸನ ತಿದ್ದಿದೀನಿ. ಡಿಸೆಂಬರ್ ಜನವರಿ ಬೀಳು ಬಿಡ್ತೀನಿ. 2022ರಲ್ಲಿ 19 ಆಗಿತ್ತು, 2023ರಲ್ಲಿ 34, 2024ರಲ್ಲಿ 38. ಅಮ್ಮನಿಗೆ ಹುಷಾರಿಲ್ದೆ ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಓಡಾಡಿದ ಐದು ವಾರನೂ ಅದರಲ್ಲೇ ಸೇರಿದೆ, ಬೀರು ಬಾಗಿಲಲ್ಲಿ ಆ ಐದು ವಾರದ ಚೌಕದಲ್ಲಿ ಹುಳನೂ ಇಲ್ಲ ಮನುಷ್ಯನೂ ಇಲ್ಲ, ನನ್ ಹೆಂಡತಿನೇ ಒಂದು ಸಣ್ಣ ಗೆರೆ ಎಳ್ದು ಬಿಟ್ಟಿದಾಳೆ.

ಈಗಿನ ತಕರಾರು ಬೇರೆ. ಎಂಟನೇ ಸಂಪುಟದಲ್ಲಿರೋ ಒಂದು ಕಲ್ಲು, ಊರಿನ ಹೆಸರಿದೆ, ಕೆರೆ ಕೋಡಿ ಹತ್ರ ಅಂತ ಇದೆ, ಮೂರು ಭಾನುವಾರದಿಂದ ಹುಡುಕ್ತಿದೀನಿ, ಸಿಗ್ತಿಲ್ಲ. ಒಬ್ರು ಕೆರೆ ಹೂಳೆತ್ತುವಾಗ ಹೋಯ್ತು ಅಂದ್ರು, ಇನ್ನೊಬ್ರು ಸೇತುವೆಗೆ ಹಾಕಿದಾರೆ ಅಂದ್ರು. ಹುಡುಕಿದ್ದನ್ನೇ ಶೂಟ್ ಮಾಡಿ ಹನ್ನೊಂದು ನಿಮಿಷದ ವಿಡಿಯೋ ಹಾಕ್ದೆ, ಚೆನ್ನಾಗೂ ಓಡ್ತಿದೆ. ಬೀರು ಹತ್ರ ಹೋಗಿ ಟಿಕ್ ಹಾಕು ಅಂದ್ರೆ ಸಾಕ್ಷಿಯವ್ರು ಒಪ್ಪಲಿಲ್ಲ.

"ಶಾಸನದಲ್ಲಿ ಏನಂತ ಬರ್ದಿದೀರ? ಕಲ್ಲು ಅಂತ ತಾನೆ? ಎಲ್ಲಿ ಕಲ್ಲು?"

ಈ ಭಾನುವಾರ ಸೇತುವೆ ಕೆಳಗೆ ಇಳೀಬೇಕು, ಟಾರ್ಚ್ ಚಾರ್ಜಿಗೆ ಹಾಕಿದೀನಿ.