ಸಾಳ ನದಿಯ ಚೊಣಕಕ್ಕೆ ಫ್ಲೈ: ನನ್ನ ಅನುಭವ

ಚೊಣಕ (ಬಾರಮುಂಡಿ ಮೀನು) ಜೀವಂತ ಸಿಗಡಿಗಲ್ಲದೆ ಬಾಯಿ ಹಾಕುವುದಿಲ್ಲ, ಕೊಕ್ಕೆಗೆ ಗರಿ, ಕೂದಲು ಕಟ್ಟಿದ ಹುಸಿ ಎರೆಯಾದ ಫ್ಲೈ ಏನಿದ್ದರೂ ಹಿಮಾಚಲದ ಟ್ರೌಟ್ ಮೀನಿಗೆ ಸರಿ ಎಂದು ಗೋವಾದ ಮಡಗಾಂವ, ವಾಸ್ಕೊದ ನಮ್ಮ ಗಾಳದವರೇ ಹೇಳುತ್ತಿದ್ದರು. ಈಗ ಸಾಳ ನದಿಯಲ್ಲಿ ಎರಡು ಮೂರು ಕಿಲೋದವು ಫ್ಲೈಗೇ ಬರುತ್ತಿವೆ, ಅದೂ ದೋಣಿಯಿಲ್ಲದೆ, ದಂಡೆಯಿಂದ.

ಜಾಗವೇ ಮುಖ್ಯ. ಉಪ್ಪುನೀರಿಗೆ ಒಡ್ಡು ಕಟ್ಟಿದ ಖಜಾನ್ ಗದ್ದೆಯ ಮಾನಸಿನ (ತೂಬಿನ) ಹಲಗೆ ಬಾಗಿಲು ಭರತದ ಒತ್ತಡಕ್ಕೆ ತಾನೇ ಮುಚ್ಚಿ, ಇಳಿತಕ್ಕೆ ತೆರೆದುಕೊಳ್ಳುತ್ತದೆ. ಆಗ ಒಳಗಿನ ಸಿಗಡಿ, ಮರಿಮೀನು ಹೊರಗೆ ಬರುತ್ತವೆ. ಚೊಣಕ ಕಾಯುವುದು ಸೆಳವಿನ ನಡುವೆ ಅಲ್ಲ, ಅಂಚಿನ ನಿಂತ ನೀರಿನಲ್ಲಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಳಿತದ ಮೊದಲ ಗಂಟೆ ದಂಡ. ಸೆಳವಿಗೆ ಫ್ಲೈ ಇಳಿಯುವುದೇ ಇಲ್ಲ. ಅರ್ಧ ಇಳಿದ ಮೇಲೆ ಶುರುಮಾಡಿ. ಮಾನಸಿನ ಮೀನಿನ ಹಕ್ಕು ಹರಾಜಾಗಿರುತ್ತದೆ, ಹರಾಜು ಹಿಡಿದವರನ್ನು ಕೇಳಿ, ಅವರ ಬಲೆಯಿಂದ ದೂರ ನಿಲ್ಲಬೇಕು. ನಾನು ನಿಲ್ಲುವ ಮಾನಸು ಯಾವುದೆಂದು ಮಾತ್ರ ಬರೆಯುವುದಿಲ್ಲ.

ರಾಡು 8 ನಂಬರಿನದು (ಅದು ಎಸೆಯುವ ಲೈನಿನ ತೂಕದ ಅಳತೆ), 9 ಅಡಿ. ರೀಲು ಸೇರಿ ಹದಿನೈದು ಸಾವಿರದ ಹತ್ತಿರ ಆಯಿತು; ಲೈನ್ ಒಂದೇ ಮತ್ತೆ ಐದಾರು ಸಾವಿರ ತಿಂದಿತು. ತೇಲುವ ಲೈನ್ ಇಲ್ಲಿ ಆಗದು, ನಿಧಾನಕ್ಕೆ ಮುಳುಗುವ ಇಂಟರ್‌ಮೀಡಿಯೆಟ್ ಬೇಕು. ಬೆನ್ನ ಹಿಂದೆ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಇರುವುದರಿಂದ ರೋಲ್ ಕಾಸ್ಟ್, ಅಂದರೆ ಲೈನನ್ನು ಹಿಂದಕ್ಕೆ ಹಾರಿಸದೆ ಮುಂದಕ್ಕೇ ಉರುಳಿಸಿ ಎಸೆಯುವುದು. 40 ಅಡಿ ಹೋದರೆ ಸಾಕು. ಲೈನಿಗೂ ಫ್ಲೈಗೂ ನಡುವಿನ ತೆಳು ದಾರ, ಲೀಡರ್, ಬರೀ 20 ಪೌಂಡು ತಡೆಯುವಂಥದಾದರೆ ಉಳಿಯುವುದಿಲ್ಲ. ಚೊಣಕದ ಬಾಯಿ ಉಪ್ಪುಕಾಗದದಷ್ಟು ಒರಟು, ಕಿವಿರಿನ ಮುಚ್ಚಳ ಹರಿತ. ತುದಿಗೆ ಒಂದೂವರೆ ಅಡಿ 40 ಪೌಂಡಿನದು ಕಟ್ಟಲೇಬೇಕು.

ಫ್ಲೈ ಕ್ಲೌಸರ್, ಅಂದರೆ ಭಾರದ ಕಣ್ಣು ಕಟ್ಟಿದ ಮರಿಮೀನಿನಂಥದು; 2/0 ಅಳತೆಯ ಕೊಕ್ಕೆ, ಮೂರು ಇಂಚು, ಬಿಳಿ ಹೊಟ್ಟೆ, ಗಿಳಿಹಸಿರು ಬೆನ್ನು. ಸೀಸದ ಕಣ್ಣು ಹಾಕಿದರೆ ನೇರ ತಳಕ್ಕಿಳಿದು ಕಲ್ಲಿನ ಚಿಪ್ಪಿಗೆ ಸಿಕ್ಕುತ್ತದೆ. ಸಿಂಕಿನ ಮುಚ್ಚಳಕ್ಕಿರುವ ಸ್ಟೀಲ್ ಮಣಿಸರದಿಂದ ಎರಡೆರಡು ಮಣಿ ಕತ್ತರಿಸಿ, ಕೊಕ್ಕೆಯ ಕಡ್ಡಿಯ ಮೇಲ್ಬದಿಗೆ ಅಡ್ಡಡ್ಡ ಬಿಗಿದೆ. ಕೊಕ್ಕೆ ಮಗುಚಿ ಮೊನೆ ಮೇಲಾಗುತ್ತದೆ, ಫ್ಲೈ ನಡುನೀರಿನಲ್ಲೇ ನಿಲ್ಲುತ್ತದೆ. ಕೂದಲಿಗೆ ತೆಂಗಿನ ನಾರು ನೋಡಿದೆ, ಸೆಟೆದುಕೊಂಡು ಆಡಲೇ ಇಲ್ಲ. ಹುಂಜದ ಕತ್ತಿನ ಗರಿ ಚೆನ್ನಾಗಿ ಆಡಿತು, ಎರಡು ಮೀನಿಗೆ ಹರಿಯಿತು. ಮೇಕೆ ಕೂದಲು ನಿಂತಿದೆ. ಅಂಗಡಿಯಲ್ಲಿ ಒಂದಕ್ಕೆ ಮುನ್ನೂರರ ಹತ್ತಿರ, ಕೈಯಲ್ಲಿ ಕಟ್ಟಿದರೆ ನಲವತ್ತು ರೂಪಾಯಿ. ನಡುವೆ ಸೇರಿಸುವ ಹೊಳಪಿನ ಎಳೆಯ ವಿಷಯ ನನ್ನಲ್ಲೇ ಇರಲಿ.

ಕಚ್ಚಿದಾಗ ಟ್ರೌಟಿಗೆ ಎತ್ತಿದಂತೆ ರಾಡು ಎತ್ತಿದರೆ ಫ್ಲೈ ಬಾಯಿಂದ ಜಾರುತ್ತದೆ. ರಾಡಿನ ತುದಿ ನೀರಿಗೇ ಇರಲಿ, ಎಡಗೈಯಲ್ಲಿ ಲೈನ್ ಜಗ್ಗಿ ಬಿಗಿಮಾಡಿ, ಆಮೇಲೆ ಎತ್ತಿ. ಚೊಣಕ ಮೊದಲು ಗಂಡು, ಬೆಳೆದ ಮೇಲೆ ಹೆಣ್ಣಾಗುತ್ತದೆ; ದೊಡ್ಡವು ಮೊಟ್ಟೆಯಿಡುವ ಹೆಣ್ಣುಗಳು. ಹಾಗಾಗಿ ಸುಲಭವಾಗಿ ಬಿಡಿಸಲೆಂದು ಕೊಕ್ಕೆಯ ಹಿಮ್ಮುಳ್ಳನ್ನು ಪಕ್ಕಡದಲ್ಲಿ ಒತ್ತಿಯೇ ಕಟ್ಟುತ್ತೇನೆ. ದೊಡ್ಡದು ಬಂದರೆ ನೀರಿನಲ್ಲೇ ಬಿಡಿಸಿ ಕಳಿಸುತ್ತೇನೆ.